ಸೋಮವಾರದ ಮೇವು

ನಮ್ಮ ಮಾವನವರಿಗೆ ಸಿಟ್ಟು ಬಂದರೆ ಅವರು ಮಾತಾಡುವುದಿಲ್ಲ. ನನಗೆ ಸಿಟ್ಟು ಬಂದರೆ ನಾನು ನಿಲ್ಲಿಸುವುದಿಲ್ಲ. ಹೀಗಾಗಿ ನಮ್ಮ ಮನೆಯ ಜಗಳಗಳೆಲ್ಲ ನನ್ನೊಬ್ಬಳ ದನಿಯಲ್ಲೇ ರಸ್ತೆಗೆ ಕೇಳಿಸುತ್ತವೆ. ಕೇಳಿದವರು "ಸೋಮಪ್ಪನ ಸೊಸಿ ಭಾಳ ಜೋರ" ಎಂದು ಹೇಳಿಕೊಂಡು ತಿರುಗುತ್ತಾರೆ. ತಿರುಗಲಿ. ಸೋಮವಾರ ಬೆಳಿಗ್ಗೆ ಆ ಮೌನದ ಎದುರಿಗೆ ನಿಂತು ನೋಡಿದ್ದರೆ ಅವರೂ ಜೋರಾಗುತ್ತಿದ್ದರು.

ಗೋಕಾಕದಿಂದ ಹುಕ್ಕೇರಿ ಕಡೆಗೆ ಹೊರಟರೆ, ಊರು ಇನ್ನೇನು ಮುಗಿಯಿತು ಎನ್ನುವಲ್ಲಿ ನಮ್ಮ ಮನೆ. ರಸ್ತೆಗೆ ತಾಗಿ ದನದ ಕೊಟ್ಟಿಗೆ, ಅದರ ಹಿಂದೆ ನಾವು. ಈ ಮನೆಯಲ್ಲಿ ಯಾರಿಗೆ ಎಷ್ಟು ಮರ್ಯಾದೆ ಎಂಬುದನ್ನು ಕಟ್ಟಿಸಿದವರು ಗೋಡೆಯಲ್ಲೇ ಹೇಳಿಬಿಟ್ಟಿದ್ದಾರೆ. ನಾನು ಸಂಕೇಶ್ವರದಿಂದ ಸೊಸೆಯಾಗಿ ಬಂದಾಗ ಆ ಕೊಟ್ಟಿಗೆಯಲ್ಲಿ ಹಂಡ್ಯಾ ಮತ್ತು ಬೆಳ್ಯಾ ಎಂಬ ಜೋಡಿ ಎತ್ತುಗಳಿದ್ದವು. ಮಾವ ಅವಕ್ಕೆ ಮೇವು ಹಾಕಿ, ಅವು ಗೋದಲಿಗೆ ಬಾಯಿ ಇಟ್ಟ ಮೇಲೆಯೇ ಒಳಗೆ ಬಂದು ತಾಟಿನ ಮುಂದೆ ಕೂರುತ್ತಿದ್ದರು. ಅಲ್ಲಿ ಕೊರಳ ಗಂಟೆ ಅಲುಗುತ್ತಿರಬೇಕು, ಇಲ್ಲಿ ಇವರು ರೊಟ್ಟಿ ಮುರಿಯಬೇಕು. ಗಂಟೆ ನಿಂತರೆ ಇವರ ಕೈಯೂ ನಿಲ್ಲುತ್ತಿತ್ತು. "ಯಾಕ ತಿನ್ನವಲ್ಲವು?" ಎಂದು ಎದ್ದು ಹೋಗಿಬಿಡುತ್ತಿದ್ದರು. ನಮ್ಮತ್ತೆ ಕಾಶೆವ್ವ ಅವರ ತಾಟಿನ ಮೇಲೆ ಇನ್ನೊಂದು ತಾಟು ಮುಚ್ಚಿ, ಮುಖ ಗಂಟು ಹಾಕಿಕೊಂಡು ಕಾಯುತ್ತಿದ್ದರು.

ಎತ್ತುಗಳಿಗೂ ವಯಸ್ಸಾಗುತ್ತದೆ. ಹಂಡ್ಯಾ ಒಂದು ಚಳಿಗಾಲದಲ್ಲಿ ಮಲಗಿದ್ದು ಏಳಲಿಲ್ಲ. ಬೆಳ್ಯಾ ಒಂಟಿಯಾಗಿ ನಿಂತು ಮೇವು ಬಿಟ್ಟಿತು. ಅದಕ್ಕೆ ಜೊತೆಯಾದರೂ ಸಿಗಲಿ ಎಂದು ಮಾವ ಅದನ್ನು ಮೂಡಲಗಿಯಲ್ಲಿರುವ ತಂಗಿಯ ಮನೆಗೆ ಬಿಟ್ಟು ಬಂದರು. ಹೊಲಕ್ಕೆ ಟ್ರ್ಯಾಕ್ಟರ್ ಬಂತು. ಎರಡೂ ಗಂಟೆಗಳು ಪಡಸಾಲೆಯ ಗೂಟಕ್ಕೆ ಏರಿದವು. ಅಂದಿನಿಂದ ಮಾವನಿಗೆ ಊಟದ ಹೊತ್ತು ಎಂಬುದೇ ಇಲ್ಲವಾಯಿತು. ಅತ್ತೆ ಬಡಿಸಿದರೆ ಉಂಡರು, ಇಲ್ಲದಿದ್ದರೆ ಇಲ್ಲ. ಬೆಳಿಗ್ಗೆ ಎದ್ದು ಖಾಲಿ ಕೊಟ್ಟಿಗೆಯವರೆಗೂ ಹೋಗಿ, ಅಲ್ಲಿ ಸ್ವಲ್ಪ ಹೊತ್ತು ನಿಂತು ವಾಪಸು ಬರುತ್ತಿದ್ದರು.  

ಆ ಖಾಲಿ ಕೊಟ್ಟಿಗೆಯನ್ನು ನೋಡನೋಡುತ್ತಲೇ ನನಗೆ ಚಾರ್ಜಿಂಗ್ ಮಷೀನಿನ ಯೋಚನೆ ಬಂದದ್ದು. ಗೋಕಾಕದ ಓಣಿಗಳನ್ನು ಕಂಡವರಿಗೆ ಗೊತ್ತು. ಮನೆಗೆ ಮನೆ ಅಂಟಿಕೊಂಡಿವೆ, ಗೋಡೆಗೆ ಗೋಡೆ. ಕರೆಂಟಿನ ಗಾಡಿ ಕೊಳ್ಳುವುದೇನೋ ಎಲ್ಲರೂ ಕೊಂಡರು, ಚಾರ್ಜು ಮಾಡುವುದೆಲ್ಲಿ? ಮಾಳಿಗೆಯ ಮೇಲೆ ಬಾಡಿಗೆಗೆ ಇರುವವರು ಕಿಟಕಿಯಿಂದ ವೈರು ಇಳಿಬಿಡುತ್ತಿದ್ದರು. ಆ ವೈರಿಗೆ ಯಾರೋ ಸೀರೆ ಒಣಹಾಕುತ್ತಿದ್ದರು, ಇನ್ಯಾರೋ ಎಡವುತ್ತಿದ್ದರು. ಆಟೋ ಓಡಿಸುವ ಭಾಗ್ಯಾಳ ಪಾಡಂತೂ ಕೇಳಬೇಡಿ. ಮೇಲವಂಕಿಯ ಕುರಿಗಾರರ ಮನೆಯ ಹುಡುಗಿ, ಗೋಕಾಕದಲ್ಲಿ ಒಂದು ಕೋಣೆ ಹಿಡಿದುಕೊಂಡು ಹಸಿರು ಬಣ್ಣದ ಎಲೆಕ್ಟ್ರಿಕ್ ಆಟೋ ಇಟ್ಟುಕೊಂಡಿದ್ದಾಳೆ. ಮನೆ ಮಾಲಕ ರಾತ್ರಿ ಮಲಗುವ ಮುನ್ನ ಅವಳ ಪ್ಲಗ್ಗು ಕಿತ್ತು ಹಾಕಿಯೇ ಮಲಗುತ್ತಿದ್ದನಂತೆ.

ನನ್ನದು ಎಲೆಕ್ಟ್ರಿಕಲ್ ಡಿಪ್ಲೊಮಾ. ಮದುವೆಯಾದಂದಿನಿಂದ ಆ ಸರ್ಟಿಫಿಕೇಟು ಟೀವಿಯ ಹಿಂದೆ ಧೂಳು ತಿನ್ನುತ್ತಿತ್ತು. ಬೆಳಗಾವಿಯ ಒಂದು ಕಂಪನಿ ರಸ್ತೆಗೆ ಹತ್ತಿದ ಜಾಗ ಕೊಟ್ಟವರಿಗೆ ಮಷೀನು ಹಾಕಿಕೊಡುತ್ತದೆ ಎಂದು ತಿಳಿದಾಗ ನನಗೆ ಕುಳಿತಲ್ಲಿ ಕೂರಲಾಗಲಿಲ್ಲ. ನನ್ನ ಗಂಡ ಗುರುಪಾದನನ್ನು ಕೇಳಿದೆ. ಅವರು ಹಿಡಕಲ್ ಡ್ಯಾಮಿನ ಕಚೇರಿಯಲ್ಲಿದ್ದಾರೆ. ಬೆಳಿಗ್ಗೆ ಹೋದರೆ ಸಂಜೆಯೇ ಬರುವುದು, ಮನೆಯ ಯಾವ ಜಗಳಕ್ಕೂ ಸಿಗದ ಜಾಣ. "ಅಪ್ಪಗ ಕೇಳು" ಎಂದು ಹೇಳಿ ಬಸ್ಸು ಹತ್ತಿದರು.

ಮಾವನನ್ನು ಕೇಳಿದೆ. ಅವರು ಕೊಟ್ಟಿಗೆಯನ್ನೇ ಬಹಳ ಹೊತ್ತು ನೋಡಿದರು.

"ಹಾಕ್ಕೋ ಯವ್ವಾ. ಖಾಲಿ ಇರೂದಕ್ಕಿಂತ ಏನರ ಇರ್ಲಿ. ಖರೆ ಒಂದ ಮಾತ. ಆ ಜಾಗಾದಾಗ ಸೋಮವಾರ ಯಾರೂ ದುಡದಿಲ್ಲ, ನಮ್ಮ ಮುತ್ಯಾನ ಕಾಲದಿಂದ್ಲೂ. ನಿನ್ನ ಮಷೀನೂ ದುಡಿಬಾರದು."

ನಮ್ಮ ಕಡೆ ಎತ್ತು ಎಂದರೆ ಬರಿಯ ಎತ್ತಲ್ಲ, ಬಸವಣ್ಣ. ಸೋಮವಾರ ಅವನ ದಿನ. ಬಿತ್ತನೆಯ ಹದ ತಪ್ಪಿಹೋಗುತ್ತಿದ್ದರೂ ಅಂದು ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅದು ನನಗೇನು ಹೊಸದಲ್ಲ, ನಮ್ಮ ತವರಿನಲ್ಲೂ ಹಾಗೆಯೇ. ವಾರದಲ್ಲಿ ಒಂದು ದಿನ ತಾನೇ ಎಂದು ನಾನು ಹೂಂ ಅಂದೆ. ಆ ಹೂಂ ಎಷ್ಟು ತುಟ್ಟಿಯಾದೀತೆಂದು ಆಗ ಹೊಳೆಯಲಿಲ್ಲ.

ಕಲ್ಲಿನ ಗೋದಲಿಯನ್ನು ಕಿತ್ತು ಹಿತ್ತಲಿಗೆ ಸಾಗಿಸಿ, ಅದೇ ಜಾಗದಲ್ಲಿ ಮಷೀನು ನಿಲ್ಲಿಸಿದರು. ಕಾರುಗಳಿಗೆ ದಪ್ಪನೆಯ ಕೇಬಲ್ಲು, ಆಟೋ ಸ್ಕೂಟರುಗಳಿಗೆ ಸಣ್ಣದು. ಮೇಲೆ ಹಸಿರು ದೀಪ, ಅದರ ಮೇಲೆ ಫಲಕ: 'ಶಿವಾನಿ ಚಾರ್ಜಿಂಗ್ ಪಾಯಿಂಟ್.' ನನ್ನ ಹೆಸರು ಲಗ್ನಪತ್ರಿಕೆಯ ನಂತರ ಎಲ್ಲಿಯೂ ಅಷ್ಟು ದೊಡ್ಡದಾಗಿ ಕಂಡಿರಲಿಲ್ಲ. ಮೊದಲ ದಿನ ರಸ್ತೆಯ ಆಚೆ ಹೋಗಿ ನಿಂತು ಅದನ್ನು ಓದಿದೆ. ಮರುದಿನ ಮತ್ತೆ ಹೋಗಿ ಓದಿದೆ. ನಗುವವರು ನಗಲಿ.

ಸೋಮವಾರ ಬಂತು. ಮಾವ ಬೆಳಿಗ್ಗೆ ಸ್ನಾನ ಮಾಡಿ, ತುಂಬಿದ ಬಕೆಟ್ಟು ಹಿಡಿದು ಮಷೀನಿನ ಕಡೆ ನಡೆದರು. ನಾನು ಚೀರಿದ್ದು ಘಟಪ್ರಭಾ ಹೊಳೆಯ ಆಚೆಗೂ ಕೇಳಿರಬೇಕು.

"ಮಾವಾರ! ನೀರ ಹಾಕಬ್ಯಾಡ್ರಿ!"

"ಮೈ ತೊಳಿಬೇಕಲ್ಲ ಇದರದು?"

"ಅದರ ಮೈ ತೊಳದ್ರ ನಿಮ್ಮ ಮೈ ಸುಡ್ತೈತ್ರಿ!"

ಕೊನೆಗೆ ಒದ್ದೆ ಬಟ್ಟೆಯಲ್ಲಿ ಒರೆಸುವುದೆಂದು ಒಪ್ಪಂದವಾಯಿತು. ಒರೆಸಿದರು, ಮೂರು ಬೆರಳಿನಿಂದ ವಿಭೂತಿ ಎಳೆದರು, ಒಂದು ಚೆಂಡು ಹೂವು ಸಿಕ್ಕಿಸಿದರು. ನಂತರ ಗೋಡೆಯ ಪೆಟ್ಟಿಗೆಯನ್ನು ತೆರೆದು ಮೇನ್ ಸ್ವಿಚ್ಚು ಕೆಳಗಿಳಿಸಿ ಬೀಗ ಹಾಕಿ, ಕೈ ಮುಗಿದು ಒಳಗೆ ಬಂದರು. ಹಸಿರು ದೀಪ ಆರಿತು. ಅಂದಿನಿಂದ ಪ್ರತಿ ಸೋಮವಾರವೂ ಇದೇ ಪೂಜೆ, ಇದೇ ಬೀಗ.

ಬೆಳಗಾವಿಯಲ್ಲಿ ಕುಳಿತ ಕಂಪನಿಯವರಿಗೆ ಪೂಜೆ ಕಾಣಿಸುವುದಿಲ್ಲ, ಆರಿದ ದೀಪ ಮಾತ್ರ ಕಾಣಿಸುತ್ತದೆ. ಮಷೀನು ಕೆಟ್ಟಿದೆ ಎಂದು ಅವರು ಮಂಗಳವಾರ ಜನ ಕಳಿಸಿದರು. ಮಂಗಳವಾರ ಮಷೀನು ಗುಂಡುಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಬಂದವರು ಬಿಚ್ಚಿ ನೋಡಿದರು, ತಲೆ ಕೆರೆದುಕೊಂಡರು, ನಮ್ಮ ಚಹಾ ಕುಡಿದು ಹೋದರು. ಮುಂದಿನ ಸೋಮವಾರ ಮತ್ತೆ ದೀಪ ಆರಿತು. ಮತ್ತೆ ಮಂಗಳವಾರ ಬಂದು ಒಳಗಿನ ಒಂದು ಬೋರ್ಡು ಬದಲಿಸಿದರು. ಅದಾದ ಮೇಲೆ ಇನ್ನೊಂದು ಬದಲಿಸಿದರು. "ಸೋಮವಾರ ಬರ್ರಿ" ಎಂದು ನಾನು ಹೇಳದೆ ಇರಲಿಲ್ಲ. ಸೋಮವಾರ ಅವರಿಗೆ ಮೀಟಿಂಗಂತೆ. ಬೀಗದ ಸುದ್ದಿ ಹೇಳಿದರೆ ಮಷೀನನ್ನೇ ಕಿತ್ತು ಒಯ್ದಾರೆಂದು ನಾನೂ ಅದಕ್ಕಿಂತ ಹೆಚ್ಚು ಬಾಯಿ ಬಿಡಲಿಲ್ಲ. ಮಷೀನಿನ ಒಳಗಿನ ಸಾಮಾನು ಒಂದೊಂದಾಗಿ ಹೊಸದಾಗುತ್ತ ಬಂತು, ಸೋಮವಾರ ಮಾತ್ರ ಹಳೆಯದೇ ಉಳಿಯಿತು.

ಒಂದು ದಿನ ಕಂಪನಿಯಿಂದ ಶೈಲಾ ಮೇಡಂ ಎಂಬ ಎಂಜಿನಿಯರ್ ಫೋನು ಮಾಡಿದರು. ನಯವಾಗಿಯೇ ಮಾತಾಡಿದರು, ಅದಕ್ಕೇ ಹೆಚ್ಚು ಹೆದರಿಕೆಯಾಯಿತು.

"ಶಿವಾನಿಯವರ, ಈ ಸೋಮವಾರ ನಾನ ಖುದ್ದ ಬರ್ತೇನಿ. ಅವತ್ತೂ ಬಂದ್ ಇತ್ತಂದ್ರ ಮಷೀನ ಮೂಡಲಗಿಗೆ ಒಯ್ಯಬೇಕಾಗ್ತೈತ್ರಿ. ಅಲ್ಲೊಂದ ಹೋಟೆಲ್‌ನವರು ಜಾಗಾ ಇಟ್ಕೊಂಡ ಕಾಯಾಕತ್ತಾರ."

ಫೋನು ಇಟ್ಟು ನಾನು ಮಾವನ ಮುಂದೆ ಹೋಗಿ ನಿಂತೆ. ಬೇಡಿಕೊಂಡೆ. ಆಮೇಲೆ ಕೂಗಾಡಿದೆ. ಒಂದೇ ಒಂದು ಸೋಮವಾರ ಬಿಡಿ ಎಂದೆ. ಈ ಮನೆಯಲ್ಲಿ ನನ್ನದು ಅನ್ನುವುದು ಅದೊಂದೇ ಎಂದೂ ಹೇಳಿಬಿಟ್ಟೆ. ಮಾವ ತಲೆ ತಗ್ಗಿಸಿ ಧೋತರದ ಅಂಚನ್ನು ಬೆರಳಿನಿಂದ ತೀಡುತ್ತ ಕುಳಿತರು.

ಅಡುಗೆಮನೆಯಲ್ಲಿ ಅತ್ತೆ ನನ್ನ ಮುಂದೆ ಚಹಾ ಇಟ್ಟರು.

"ಶಿವಾನಿ, ನಿನ್ನ ಮಷೀನ ಹೋದ್ರ ನಿನಗ ಸಂಕಟ, ಹೌದು. ನನಗೂ ಸಂಕಟಾನ. ಖರೆ ಎತ್ತ ಹೋದ ಮ್ಯಾಲ ಅವರ ಕಡೆ ಉಳದದ್ದ ಅದೊಂದ ಸೋಮವಾರ. ಅದನ್ನೂ ಬಿಡ್ರಿ ಅಂತ ಹೆಂಗ ಅನ್ನೂದ?"

ನನಗೆ ಅಳು ಬಂತು. ಸಿಟ್ಟಿನ ಅಳು ಎಂದು ಆಗ ಅಂದುಕೊಂಡಿದ್ದೆ, ಪೂರ್ತಿ ಸಿಟ್ಟಿನದಲ್ಲ. ಇನ್ನೊಂದು ಬೀಗದ ಕೈ ಎಲ್ಲಿರುತ್ತದೆಂದು ನನಗೆ ಗೊತ್ತಿತ್ತು. ಅವರು ಹೊಲಕ್ಕೆ ಹೋದಾಗ ಸ್ವಿಚ್ಚು ಮೇಲೆತ್ತಿದರೆ ಕೇಳುವವರು ಯಾರೂ ಇರಲಿಲ್ಲ. ಆದರೆ ಹೂಂ ಅಂದವಳು ನಾನೇ. ಕೊಟ್ಟ ಮಾತನ್ನು ಕದ್ದು ಮುರಿಯುವುದು ನನ್ನಿಂದಾಗದು. ಮುರಿಯುವುದಿದ್ದರೆ ಎದುರಿಗೇ ಕೂಗಿ ಮುರಿಯಬೇಕು, ಅದು ಆಗಲೇ ವಿಫಲವಾಗಿತ್ತು.

ಆ ಸೋಮವಾರ ಶೈಲಾ ಮೇಡಂ ಬಿಸಿಲೇರುವ ಹೊತ್ತಿಗೆ ಬಂದರು. ಬಂದದ್ದು ಡೀಸೆಲ್ ಜೀಪಿನಲ್ಲಿ. ಚಾರ್ಜಿಂಗ್ ಕಂಪನಿಯ ಗಾಡಿ ಡೀಸೆಲ್ಲು ಕುಡಿಯುವುದನ್ನು ಕಂಡು ಬೇರೆ ದಿನವಾದರೆ ಒಂದು ಮಾತು ಅಂದೇ ತೀರುತ್ತಿದ್ದೆ.  ಅವರು ಇಳಿದು ಮಷೀನಿನ ಮುಂದೆ ನಿಂತರು. ಆರಿದ ದೀಪ ನೋಡಿದರು. ವಿಭೂತಿ ನೋಡಿದರು. ಚೆಂಡು ಹೂವು ನೋಡಿದರು. ಪೆಟ್ಟಿಗೆಯ ಬೀಗದ ಮೇಲೆ ಅವರ ಕಣ್ಣು ನಿಂತುಬಿಟ್ಟಿತು.

"ಇದು ಕೆಟ್ಟಿಲ್ಲ," ಎಂದರು ನಿಧಾನವಾಗಿ. "ಇದನ್ನ ಬಂದ್ ಮಾಡ್ಯಾರ."

"ಹೌದ್ರಿ. ಇವತ್ತ ಸೋಮವಾರ," ಎಂದರು ಮಾವ, ಅದರಲ್ಲಿ ಹೇಳುವುದೇನಿದೆ ಎಂಬಂತೆ.

"ನಾವು ಇದರೊಳಗಿನ ಸಾಮಾನೆಲ್ಲಾ ಬದ್ಲಿ ಮಾಡಿದ್ವಲ್ರಿ ಕಾಕಾ!"

"ಮಾಡಿದ್ರಿ. ಪಾಪ, ಹುಡುಗರು ಭಾಳ ಕಷ್ಟಪಟ್ರು. ನನಗ್ಯಾರೂ ಕೇಳಲಿಲ್ಲ."

ಮೇಡಂ ಹಣೆ ಒತ್ತಿಕೊಂಡರು. ನನ್ನ ಕಡೆ ನೋಡಿದರು. ನಾನು ನನ್ನ ಫಲಕದ ಕಡೆ ನೋಡಿದೆ. ಅವರು ಫೋನು ತೆಗೆದು, ನಾಳೆ ಲಾರಿ ಕಳಿಸಿ, ಮಷೀನು ಕೀಳುವುದಿದೆ ಎಂದು ಯಾರಿಗೋ ಹೇಳತೊಡಗಿದರು. ಅಷ್ಟು ದಿನ ಹೆದರಿದ್ದು ಎದುರಿಗೇ ನಡೆಯುತ್ತಿತ್ತು.

ಆಗಲೇ ಭಾಗ್ಯಾಳ ಆಟೋ ಬಂತು. ಬಂತು ಎನ್ನುವುದಕ್ಕಿಂತ ತಳ್ಳಿಸಿಕೊಂಡು ಬಂತು ಎನ್ನಬೇಕು. ಹಿಂದಿನಿಂದ ಭಾಗ್ಯಾ ಬೆವರು ಸುರಿಸುತ್ತ ನೂಕುತ್ತಿದ್ದಳು, ಒಳಗೆ ಅವಳ ಅಜ್ಜಿ ಫಕೀರವ್ವ ರಾಣಿಯ ಹಾಗೆ ಕುಳಿತಿದ್ದಳು. ಆಯಿಯ ಮಡಿಲಲ್ಲಿ, ಕಂಬಳಿಯೊಳಗಿಂದ ಒಂದು ಕುರಿಮರಿ ತಲೆ ಹೊರಗಿಟ್ಟು ಒಂದೇ ಸಮನೆ ಅರಚುತ್ತಿತ್ತು.

"ಶಿವಾನಕ್ಕಾ, ಸೋಮವಾರ ಅಂತ ಗೊತ್ತೈತಿ, ಬೈಬ್ಯಾಡ," ಎಂದಳು ಭಾಗ್ಯಾ ಏದುಸಿರಿನಲ್ಲಿ. "ನಿನ್ನಿ ಸಂಜಿಗೆ ಕರೆಂಟ ಹೋಗಿತ್ತು, ತುಂಬಿಸಾಕ ಆಗಲಿಲ್ಲ. ಮುಂಜಾನೆದ್ದ ಮೇಲವಂಕಿಗೆ ಹೋಗಿ ಆಯಿನ್ನ ಕರ್ಕೊಂಡ ಬಂದೆ. ಇಲ್ಲೇ ಹಿಂದ ನಿಂತಬಿಡ್ತು. ಘೋಡಗೇರಿಗೆ ಹೋಗಬೇಕು."

ಘೋಡಗೇರಿಯ ಹೊಲದಲ್ಲಿ ಅವಳ ಅಣ್ಣ ಮಾಲಿಂಗ ಕುರಿಗಳನ್ನು ನಿಲ್ಲಿಸಿಕೊಂಡಿದ್ದ. ಮೇಲವಂಕಿಯಲ್ಲಿ ಈ ಮರಿಯನ್ನು ಹಡೆದ ಕುರಿ ಇದನ್ನು ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ, ಒದೆಯುತ್ತಿತ್ತು. ಅಲ್ಲಿಯ ಹಿಂಡಿನಲ್ಲಿ ಹಾಲು ಹೆಚ್ಚಾಗಿ ಸಂಕಟಪಡುವ ಇನ್ನೊಂದು ತಾಯಿಯಿದೆಯಂತೆ. ಅದರ ಕೆಚ್ಚಲಿಗೆ ಇದನ್ನು ಹಚ್ಚುವುದು ಫಕೀರವ್ವನ ಕೈಯಿಂದ ಮಾತ್ರ ಆಗುವ ಕೆಲಸ. ಮರಿಗೆ ಇದೆಲ್ಲ ತಿಳಿಯದು. ಅದಕ್ಕೆ ಹಸಿವಾಗಿತ್ತು, ಅರಚುತ್ತಿತ್ತು.

ಮಾವ ಯಾರು ಹೇಳುವುದನ್ನೂ ಕಾಯಲಿಲ್ಲ. ಒಳಗೆ ಹೋಗಿ ಬಟ್ಟಲಿನಲ್ಲಿ ಹಾಲು ತಂದು ಆಟೋದ ಬದಿಗೆ ಕುಕ್ಕರಗಾಲಿನಲ್ಲಿ ಕುಳಿತರು. ಬೆರಳು ಹಾಲಿನಲ್ಲಿ ಅದ್ದಿ ಮರಿಯ ಬಾಯಿಗಿಟ್ಟರು. ಮರಿ ಚಪ್ಪರಿಸತೊಡಗಿತು, ಬಾಲ ಗಿರಗಿರ ತಿರುಗಿತು. ಮಾವನ ಮುಖದಲ್ಲಿ ನಗು ಕಂಡು ಎಷ್ಟು ದಿನವಾಗಿತ್ತೋ.

ಫಕೀರವ್ವ ಮಾವನಿಗಿಂತ ಹಿರಿಯಳು. ಹಿಂದೆ ಸುಗ್ಗಿ ಮುಗಿದ ಮೇಲೆ ಗೊಬ್ಬರಕ್ಕಾಗಿ ಅವಳ ಕುರಿಗಳು ನಮ್ಮ ಹೊಲದಲ್ಲೇ ನಿಲ್ಲುತ್ತಿದ್ದವು. ಆ ಸಲಿಗೆ ಇನ್ನೂ ಇತ್ತು. ಅವಳು ಮಾವನನ್ನು, ಮಷೀನನ್ನು, ಬೀಗವನ್ನು ನೋಡಿದಳು. ಎಲೆ ಅಡಿಕೆ ಒಂದು ಬದಿಗೆ ಸರಿಸಿಕೊಂಡು ಕೇಳಿದಳು.

"ಸೋಮಣ್ಣಾ, ಇವತ್ತ ಸೋಮವಾರ ಹೌದಿಲ್ಲೊ?"

"ಹೌದು."

"ಸೋಮವಾರ ಮರಿಗಿ ಹಾಲ ಕುಡಸಾಕತ್ತಿಯಲ್ಲ?"

"ಹಸದೈತಿ ಅದು. ಹಸದದ್ದಕ್ಕ ಸೋಮವಾರ ಏನ, ಮಂಗಳವಾರ ಏನ?"

"ಮತ್ತ ನಿನ್ನ ಎತ್ತಿಗೆ ಸೋಮವಾರ ಮೇವ ಹಾಕತಿದ್ದಿಲ್ಲೇನ?"

ಮಾವ ತಲೆಯೆತ್ತಿದರು. ಮುಖ ಕೆಂಪಾಯಿತು. ಅವರ ದನಿ ಏರಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಏನ ಮಾತಾಡ್ತಿ ಫಕೀರವ್ವಾ? ಸೋಮವಾರ ದಿನಾನ ಹೆಚ್ಚಿಗಿ ಹಾಕತಿದ್ದೆ! ಮೈ ತೊಳದು, ಹಿಂಡಿ ನೆನಸಿ, ಕೈಯಾಗ ಬೆಲ್ಲಾ ಹಿಡದ ತಿನಸತಿದ್ದೆ. ಬೇಕಾದ್ರ ಇಕಿನ್ನ ಕೇಳು."

"ನಮಗ ಇದ್ದಿಲ್ಲ ಬೆಲ್ಲಾ, ಅವಕ್ಕಿತ್ತು," ಎಂದರು ಅತ್ತೆ ಬಾಗಿಲಲ್ಲಿ ನಿಂತು.

"ಮತ್ತ ಇದಕ್ಯಾಕೋ ಉಪಾಸ?" ಫಕೀರವ್ವ ಆಟೋದ ಸೀಟಿನ ಮೇಲೆ ಅಂಗೈ ಬಡಿದಳು.

"ಆ ಮಷೀನಿಗೆ ರಜಾ. ಅದು ದುಡಿಬಾರದು."

"ಅದೆಲ್ಲಿ ದುಡಿತೈತೋ? ಇಟ್ಟಲ್ಲೆ ನಿಂತೈತಿ. ದುಡಿಯೂದ ನಮ್ಮ ಭಾಗ್ಯಾನ ಗಾಡಿ. ಎತ್ತ ಇದು. ಅದು ಗ್ವಾದಲಿ. ನೀ ಗ್ವಾದಲಿಗೆ ಇಭೂತಿ ಹಚ್ಚಿ ಕೀಲಿ ಹಾಕಿ, ಎತ್ತಿಗೆ ಉಪಾಸ ಕೆಡವೀಯಲ್ಲೋ ಮಾರಾಯಾ!"

 ಶೈಲಾ ಮೇಡಂ ಫೋನನ್ನು ಕಿವಿಗೆ ಹಿಡಿದವರು ಹಿಡಿದ ಹಾಗೆಯೇ ನಿಂತಿದ್ದರು. ಮಾವ ಎದ್ದರು. ಮಷೀನಿನ ಹತ್ತಿರ ಹೋಗಿ ನೆಲ ನೋಡಿದರು. ಕಲ್ಲಿನ ಗೋದಲಿ ಕಿತ್ತ ಗುರುತು ಸಿಮೆಂಟಿನ ಅಂಚಿನಲ್ಲಿ ಇನ್ನೂ ಕಾಣುತ್ತಿತ್ತು, ಮಷೀನು ಅದರ ನಟ್ಟನಡುವೆ ನಿಂತಿತ್ತು.

"ಶಿವಾನಿ, ಸೋಮವಾರ ಗಾಡಿ ಬರ್ತಿದ್ದುವೇನ?"

"ಬರ್ತಿದ್ವ್ರಿ."

"ಬಂದ್ವು ಹಸದ ಹೋದ್ವೇನ?"

ನಾನು ಸಮಾಧಾನದ ಮಾತು ಹೇಳಬಹುದಿತ್ತು. ಹೇಳಲಿಲ್ಲ. "ಹೌದ್ರಿ ಮಾವಾರ. ಹಸದ ಹೋದ್ವು."

"ಥೂ!" ಎಂದರು. ಅದು ನಮಗಲ್ಲ, ತಮಗೇ. "ಬಸವಣ್ಣನ ದಿನ ಬಸವಣ್ಣನ್ನ ಉಪಾಸ ಕಳಿಸಿದ್ನಲ್ಲ!"

ಸೊಂಟದಿಂದ ಬೀಗದ ಕೈ ತೆಗೆದರು. ಪೆಟ್ಟಿಗೆ ತೆರೆದು ಸ್ವಿಚ್ಚು ಮೇಲೆತ್ತಿದರು. ವಿಭೂತಿಯ ಮೇಲೆ ಹಸಿರು ದೀಪ ಹತ್ತಿತು. ಸಣ್ಣ ಕೇಬಲ್ಲು ಎಳೆದು ತಂದು "ಎಲ್ಲೈತಿ ಇದರ ಬಾಯಿ?" ಎಂದು ಭಾಗ್ಯಾಳನ್ನು ಕೇಳಿದರು. ಅವಳು ತೋರಿಸಿದಳು. ತಾವೇ ಸಿಕ್ಕಿಸಿದರು. ಆಟೋದ ಮುಂದಿನ ದೀಪ ಮಿಣುಕಿದಾಗ ಅದರ ಕಿವಿಯ ಹಿಂದೆ ತುರಿಸುವವರಂತೆ ಹ್ಯಾಂಡಲಿನ ಹತ್ತಿರ ಕೈಯಾಡಿಸಿ, "ತಿನ್ನು, ತಿನ್ನು," ಎಂದರು.

ನಾನು ಸೆರಗಿನಲ್ಲಿ ಕಣ್ಣೊರೆಸಿಕೊಂಡೆ. ಧೂಳು ಎಂದು ಹೇಳುವುದಕ್ಕೆ ಗಾಳಿಯೂ ಇರಲಿಲ್ಲ.

ಶೈಲಾ ಮೇಡಂ ಫೋನಿಗೆ, "ಲಾರಿ ಬ್ಯಾಡ್ರಿ. ಹೌದು, ಬ್ಯಾಡ. ಚಾಲೂ ಆತು," ಎಂದರು. ಆಮೇಲೆ ನಮ್ಮ ಕಡೆ ತಿರುಗಿದರು. "ಏನ ತ್ರಾಸ ಇತ್ತಂತ ಆಫೀಸಿನಾಗ ಹೇಳ್ಲಿ ನಾನು?"

"ಮೇವಿನ ತ್ರಾಸ ಅಂತ ಹೇಳ್ರಿ," ಎಂದರು ಅತ್ತೆ. ಮೇಡಂ ಮೊದಲು ತಡೆದುಕೊಂಡರು, ಆಮೇಲೆ ಜೀಪಿಗೆ ಒರಗಿಕೊಂಡು ಹೊಟ್ಟೆ ಹಿಡಿದು ನಕ್ಕರು.

ಅರ್ಧ ತಾಸಿನಲ್ಲಿ ಘೋಡಗೇರಿಗೆ ಸಾಕಾಗುವಷ್ಟು ತುಂಬಿತ್ತು. ಭಾಗ್ಯಾ ಹ್ಯಾಂಡಲಿಗೆ ಕೈ ಹಾಕಿದಳು. ಮಾವ ಅಡ್ಡ ನಿಂತರು.

"ತಿಂದದ್ದ ಖರೆ. ಇವತ್ತ ಹೂಡಬಾರದು."

ಫಕೀರವ್ವ ಮರಿಯನ್ನು ಕಂಬಳಿಯಲ್ಲಿ ಸರಿಯಾಗಿ ಸುತ್ತಿಕೊಳ್ಳುತ್ತ ಹೇಳಿದಳು:

"ಎತ್ತ ನಮ್ದು ಸೋಮಣ್ಣಾ. ಹೂಡಿದ ಪಾಪ ನನಗಿರ್ಲಿ, ಮೇವ ಹಾಕಿದ ಪುಣ್ಯೆ ನೀ ತಗೋ. ಸರಿ ಅತ್ತಾಗ."

ಮಾವ ಯೋಚಿಸಿದರು. ಪಾಲು ಸರಿಯಾಗಿದೆ ಅನ್ನಿಸಿರಬೇಕು. ಸರಿದು ನಿಂತರು.

ಅಂದು ಮಧ್ಯಾಹ್ನ ಅವರು ಪಡಸಾಲೆಯ ಗೂಟದಿಂದ ಬೆಳ್ಯಾನ ಗಂಟೆ ಇಳಿಸಿ, ಹುಣಸೆಹಣ್ಣು ಹಚ್ಚಿ ತಿಕ್ಕಿ, ಸಣ್ಣ ಕೇಬಲ್ಲಿಗೆ ದಾರದಿಂದ ಕಟ್ಟಿದರು. ದಪ್ಪ ಕೇಬಲ್ಲಿಗೆ ಹಂಡ್ಯಾನದು. ಕೇಬಲ್ಲಿಗೆ ಏನನ್ನೂ ಕಟ್ಟುವಂತಿಲ್ಲ ಎಂಬುದು ಕಂಪನಿಯ ನಿಯಮ. ಶೈಲಾ ಮೇಡಂ ಮುಂದಿನ ಸಲ ಬಂದಾಗ ಅದನ್ನು ಕಂಡು, "ನಾ ನೋಡಿಲ್ಲ" ಎಂದು ಆಕಾಶ ನೋಡಿದರು. ಈಗ ಯಾರು ಕೇಬಲ್ಲು ಎಳೆದರೂ ಮನೆಯೊಳಗೆ ಗಂಟೆ ಕೇಳುತ್ತದೆ.

ಹಾಗೆಂದು ನನ್ನ ತಲೆನೋವು ಮುಗಿಯಿತು ಎಂದುಕೊಳ್ಳಬೇಡಿ. ಈಗ ಸೋಮವಾರ ನಮ್ಮಲ್ಲಿ ಬರುವಷ್ಟು ಗಾಡಿಗಳು ಬೇರೆ ಯಾವ ದಿನವೂ ಬರುವುದಿಲ್ಲ. ಬಂದ ಚಾಲಕರ ಕೈಗೆ ಮಾವ ಬೆಲ್ಲದ ಚೂರು ಕೊಡುತ್ತಾರೆ, ಗಾಡಿಗೆ ಕೊಡಲಾಗುವುದಿಲ್ಲವಲ್ಲ. ಅರ್ಧ ತುಂಬಿದೊಡನೆ ಹೊರಡುತ್ತೇನೆ ಎನ್ನುವವರನ್ನು ಬಿಡುವುದಿಲ್ಲ. "ಉಣ್ಣಾಕತ್ತೈತಿ, ನಡಕ ಎಬ್ಬಸಬಾರದು, ಕುಂದರ್ರಿ" ಎಂದು ಕಟ್ಟೆಯ ಮೇಲೆ ಕೂರಿಸುತ್ತಾರೆ. ಹುಕ್ಕೇರಿಯ ಲಗ್ನಕ್ಕೆ ಹೊರಟವರೊಬ್ಬರು ಅಕ್ಷತೆ ತಪ್ಪಿಸಿಕೊಂಡರು. ಹೋದ ವಾರ ಮೇಡಂ ಫೋನು ಮಾಡಿ, "ಸೋಮವಾರ ನಿಮ್ಮ ಕಡೆ ಬಂದ ಗಾಡಿ ಎಲ್ಲಾ ಪೂರ್ತಿ ತುಂಬಿದ ಮ್ಯಾಲ ಹೋಗ್ತಾವಲ್ರಿ, ಇದೇನ ಹೊಸಾ ತ್ರಾಸ?" ಎಂದು ಕೇಳಿದರು. ಈ ಸಲ ಅವರೇ ಸೋಮವಾರ ಬಂದು ನೋಡಲಿ, ಬೆಲ್ಲ ತಿಂದು ಹೋಗಲಿ ಎಂದೆ.

ಇನ್ನೊಂದು ಸಂಗತಿ ಹೇಳುವುದಿದೆ. ನಿನ್ನೆ ಬೆಳಿಗ್ಗೆ ಒಂದು ಗಾಡಿಯೂ ಬರಲಿಲ್ಲ. ಅತ್ತೆ ರೊಟ್ಟಿ ಬಡಿದು, ತಾಟು ಹಾಕಿ ಕರೆದರು. ಮಾವ ಪಡಸಾಲೆಯಲ್ಲಿ ಕುಳಿತವರು ಏಳಲಿಲ್ಲ. "ಇರಲಿ, ಇನ್ನೂ ಹೊತ್ತೈತಿ," ಎಂದರು. ಸ್ವಲ್ಪ ಹೊತ್ತಿಗೆ ಮತ್ತೆ ಕರೆದರು. ಮತ್ತೆ ಅದೇ ಉತ್ತರ. ಅತ್ತೆ ತಾಟಿನ ಮೇಲೆ ಇನ್ನೊಂದು ತಾಟು ಮುಚ್ಚಿದರು. ಅವರ ಮುಖ ಗಂಟಿಕ್ಕಿರಲಿಲ್ಲ. ನನ್ನ ಕಡೆ ನೋಡಿ ಕಣ್ಣಲ್ಲೇ ನಕ್ಕರು. ಆಗ ನನಗೆ ತಿಳಿಯಿತು. ನಾನು ಹಿತ್ತಲಿಗೆ ಹೋಗಿ ಭಾಗ್ಯಾಳಿಗೆ ಫೋನು ಹಚ್ಚಿದೆ.

"ಭಾಗ್ಯಾ, ಎಲ್ಲಿದ್ದಿ? ಲಗೂನ ಬಾ ಇಲ್ಲಿ."

"ಯಾಕಕ್ಕಾ? ನನ್ನ ಗಾಡಿ ಫುಲ್ ಐತಿ."

"ಫುಲ್ ಇದ್ರ ಇರವಲ್ದ್ಯಾಕ. ಒಂದ ತುತ್ತ ತಿಂದ ಹೋಗ್ಲಿ. ಮಾವಾರ ಇನ್ನೂ ಉಂಡಿಲ್ಲ."

ಅವಳು ಬಂದಳು. ಕೇಬಲ್ಲು ಎಳೆದಳು, ಗಂಟೆ ಅಲುಗಿತು. ಪಡಸಾಲೆಯಲ್ಲಿ ಮಾವ ಮೊಣಕಾಲಿಗೆ ಕೈಯೂರಿ ಎದ್ದರು, ಕೈ ತೊಳೆದುಕೊಂಡು ಬಂದು ತಾಟಿನ ಮುಂದೆ ಕುಳಿತು ರೊಟ್ಟಿ ಮುರಿದರು.

"ಪಲ್ಯಾ ಹಾಕು," ಎಂದ ಅವರು, ಒಂದು ಗಳಿಗೆ ಕಿವಿಗೊಟ್ಟು ಕೇಳಿ, "ಇನ್ನೊಂದ ರೊಟ್ಟೀನೂ ಹಾಕು," ಎಂದರು.